ಚಾಸಿಗೆ ದಾಳಿಂಬರಿ ಬಣ್ಣ

ಕಳೆದ ವಾರ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಯುವವನು ಬಂದಿದ್ದ. ಡಬ್ಬಿಯ ಮುಚ್ಚಳ ತೆಗೆದು ರೆಡ್ ಆಕ್ಸೈಡನ್ನು ಕಡ್ಡಿಯಿಂದ ಕಲಕಿದನೋ ಇಲ್ಲವೋ, ಆ ವಾಸನೆ ಸೀದಾ ಅಡುಗೆಮನೆಗೇ ಬಂತು. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ಖಬರಿರಲಿಲ್ಲ. ನಾನಾಗಲೇ ಇಲಕಲ್ಲಿನ ಓಣಿಯಲ್ಲಿದ್ದೆ, ಡಿಪೋ ಕಾಕಾನ ಅಂಗಳದಲ್ಲಿ...

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ, ಓಣಿಯವರಿಗೆಲ್ಲ ಅಕ್ಕೋರು. ಕಾಕಾ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಅದಕ್ಕೇ ಆ ಹೆಸರು. ಹುನಗುಂದದ ಕಡೆಯ ಒಂದು ಹಳೇ ವಾಡೆಯ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ವಿಲಾಯತಿ ಸ್ಪೋರ್ಟ್ಸ್ ಕಾರೊಂದನ್ನು ಚಕ್ಕಡಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಎರಡೇ ಸೀಟು, ತಲೆಯ ಮೇಲೆ ಚಪ್ಪರವಿಲ್ಲ. "ಇದರಾಗ ನಿಮ್ಮ ಕಾಕೂನ್ನ ಕೂಡಿಸಿಕೊಂಡು ಕೂಡಲಸಂಗಮಕ್ಕ ಹೋಗಾಂವ ನಾ," ಅನ್ನುತ್ತಿದ್ದರು. ಜನ್ಮವೆಲ್ಲ ಮಂದಿಯ ಬಸ್ಸು ರಿಪೇರಿ ಮಾಡಿದವರಿಗೆ ಸ್ವಂತದ್ದೊಂದು ಗಾಡಿಯ ಆಸೆ.

ಮೇಲಿನ ತಗಡನ್ನೆಲ್ಲ ಬಿಚ್ಚಿ ಹಿತ್ತಲಿಗಿಟ್ಟರು, ಎಂಜಿನ್ನನ್ನೂ ಇಳಿಸಿದರು. ಅಂಗಳದಲ್ಲಿ ಉಳಿದದ್ದು ಚಾಸಿ, ಅಂದರೆ ಕಾರಿನ ಭಾರವೆಲ್ಲ ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು. ಅದಕ್ಕೆ ಹತ್ತಿದ ತುಕ್ಕು, ಕಾಕಾನ ಮಾತಿನಲ್ಲಿ ಜಂಗು, ತಿಕ್ಕುವುದು ಶುರುವಾಯಿತು ನೋಡಿ, ಕರ ಕರ ಕರ... ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. "ಕಾಕಾರ, ಪುಣ್ಯಾ ಬರ್ತೈತಿ, ಐತವಾರ ಒಂದಿನಾ ಬಿಡ್ರಿ," ಅಂದರೆ, "ಜಂಗಿಗೆ ಐತವಾರ ಸೂಟಿ ಐತೇನ್ರಿ ಅಕ್ಕೋರ?" ಅನ್ನುತ್ತಿದ್ದರು.

ಕಾಕಾನ ಹೆಂಡತಿ ಕಾಕು ಹೆಚ್ಚು ಮಾತಿನವರಲ್ಲ. ಆದರೆ ಕಾರಿನ ಬಣ್ಣ ಆರಿಸಿದ್ದು ಅವರೇ. ತಮ್ಮ ಮದುವೆಯ ಸೀರೆಯಿಂದ ದಾಳಿಂಬರಿ ಬಣ್ಣದ ಒಂದೆಳೆ ನೂಲು ತೆಗೆದು ಕೊಟ್ಟಿದ್ದರು. ಕಾಕಾ ಹುಬ್ಬಳ್ಳಿಯ ಅಂಗಡಿಯಲ್ಲಿ ಮುಂದೆ ನಿಂತು ಅದೇ ಬಣ್ಣ ಕೂಡಿಸಿಕೊಂಡು ಬಂದು, ಡಬ್ಬಿಯನ್ನು ಮಂಚದ ಕೆಳಗೆ ಇಟ್ಟಿದ್ದರು. ಅದು ಕಾರಿನ ಮೇಲಿನ ತಗಡಿಗೆ. ಚಾಸಿಗೆ ಮೊದಲು ಜಂಗು ತಡೆಯುವ ರೆಡ್ ಆಕ್ಸೈಡ್, ಆಮೇಲೆ ಕರಿ ಬಣ್ಣ. ಯಾರ ಕಣ್ಣಿಗೂ ಬೀಳದ ಭಾಗಕ್ಕೆ ಕರಿಯೇ ಸಾಕು.

ನಮ್ಮ ಓಣಿಯಲ್ಲಿ ಬಣ್ಣ ಹಚ್ಚುವುದು ಸುಲಭವಿರಲಿಲ್ಲ. ಮನೆ ಮನೆಗೂ ಮಗ್ಗ. ಮಗ್ಗ ನಡೆದರೆ ನೂಲಿನ ಸಣ್ಣ ಎಳೆಗಳು ಗಾಳಿಯಲ್ಲಿ ಹಾರಿ ಬಂದು ಹಸಿ ಬಣ್ಣಕ್ಕೆ ಅಂಟುತ್ತಿದ್ದವು, ಕಬ್ಬಿಣಕ್ಕೆ ಮೀಸೆ ಬಂದಂತೆ ಕಾಣುತ್ತಿತ್ತು. ಅದಕ್ಕೇ ಕಾಕಾ ಖಂಡೇನವಮಿಗೆ ಕಾದರು. ಅಂದು ನೇಕಾರರು ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತಾರೆ. ಬೆಳಿಗ್ಗೆ ಬೇಗನೆದ್ದು, ಧೂಳು ಏಳದಂತೆ ಅಂಗಳಕ್ಕೆ ನೀರು ಹೊಡೆದು, ಚಾಸಿಗೆಲ್ಲ ರೆಡ್ ಆಕ್ಸೈಡ್ ಬಳಿದು ಸ್ನಾನಕ್ಕೆ ಹೋದರು.

ನಾನು ಹೋಳಿಗೆ ಕೊಡಲು ಹೋದಾಗ ಕಾಕು ಪೂಜೆಯ ತಾಟು ಹಿಡಿದು ಹೊರಗೆ ಬಂದರು. ಹಬ್ಬದ ದಿನ ಮನೆಯ ಕಬ್ಬಿಣಕ್ಕೆಲ್ಲ ವಿಭೂತಿ ಹಚ್ಚಬೇಕಲ್ಲ. ಈಳಿಗೆಗಾಯಿತು, ಹಾರೆಗಾಯಿತು, ಕಾಕಾನ ಪಾನಾ-ಸ್ಪ್ಯಾನರುಗಳಿಗಾಯಿತು. ಆಮೇಲೆ ಚಾಸಿಯ ಮೇಲೆ ಮೂರು ಬೆರಳು ಎಳೆದೇ ಬಿಟ್ಟರು! "ಅಯ್ಯಯ್ಯ, ಕಾಕು!" ಎಂದು ನಾನು ಕೂಗುವಷ್ಟರಲ್ಲಿ ಬೆರಳೆಲ್ಲ ಕೆಂಪು. ಸೀಮೆಎಣ್ಣೆ, ಟರ್ಪೆಂಟೈನ್ ವಾಸನೆಯಂತೂ ಆ ಅಂಗಳಕ್ಕೆ ತಿಂಗಳುಗಟ್ಟಲೆ ರೂಢಿಯಾಗಿತ್ತು, ಮೂಗಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಎಳೆಬಿಸಿಲಿಗೆ ಆ ಹಸಿ ಬಣ್ಣ ಫಳಫಳ ಹೊಳೆಯುತ್ತಿತ್ತು...

ತಲೆ ಒರೆಸಿಕೊಳ್ಳುತ್ತ ಬಂದ ಕಾಕಾ ನೋಡಿದರು. "ಹಸಿ ಐತೆಲ್ಲ, ಕಾಣಲಿಲ್ಲೇನ?"

ಕಾಕು ತಾಟು ಹಿಡಿದುಕೊಂಡೇ ನಿಂತರು. "ಇಲ್ರಿ. ಶ್ರಾವಣದಿಂದ ಎಲ್ಲಾ ಮಸಕ ಮಸಕ. ಹೇಳಿದ್ರ ನೀವು ಗಾಡಿ ಬಿಟ್ಟು ನನ್ನ ಮಾರಿ ನೋಡಕೋತ ಕೂಡ್ತಿದ್ರಿ."

ಕಾಕಾ ಹೆಗಲ ಮೇಲಿನ ಟಾವೆಲಿನಿಂದ ಅವರ ಬೆರಳು ಒಂದೊಂದಾಗಿ ಒರೆಸಿದರು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಬಹಳ ದಿನ ನಿಲ್ಲುವುದಿಲ್ಲ ಎಂದರು. ತಗಡು ಬಡಿದು ಬಾಡಿ ಸರಿಮಾಡುವುದೋ, ಇನ್ನೂ ವರ್ಷಗಳ ಕೆಲಸ. ಕಾಕಾ ಊರಿಗೆ ಬಂದವರೇ ಮಂಚದ ಕೆಳಗಿನ ಡಬ್ಬಿ ಎಳೆದರು. ದಾಳಿಂಬರಿ ಬಣ್ಣವನ್ನು ಚಾಸಿಗೇ ಹಚ್ಚುತ್ತೇನೆ ಎಂದರು.

ಡಿಪೋದ ಹಳೇ ದೋಸ್ತನೊಬ್ಬ ಬಂದು ಬೈದ. "ಲೇ, ತಲಿ ಕೆಟ್ಟೈತೇನ ನಿಂದು? ಚಾಸಿ ಯಾರ ನೋಡ್ತಾರ್ಲೇ?"

"ಆಕಿ ನೋಡ್ತಾಳ," ಅಂದರು ಕಾಕಾ.

ಬಣ್ಣ ಹಚ್ಚುವ ದಿನ ಯಾವ ಹಬ್ಬವೂ ಇರಲಿಲ್ಲ. ಆದರೂ ಬೆಳಿಗ್ಗೆಯಿಂದ ಓಣಿಯಲ್ಲಿ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಕಾಕಾ ಯಾರನ್ನೂ ಕೇಳಿರಲಿಲ್ಲ. ಎದುರು ಮನೆಯ ನೇಕಾರ ತಾನೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದನಂತೆ.

ಬಣ್ಣ ಒಣಗಿದ ಮೇಲೆ ಗಾಲಿ ಹಾಕಿ, ಹಲಗೆ ಬಿಗಿದು, ಕಾಕೂನ್ನ ಕೂಡಿಸಿದರು. ಕಾಕಾ ಪಕ್ಕದಲ್ಲಿ ಕೂತು ಸ್ಟೇರಿಂಗ್ ಹಿಡಿದರು, ನೇಕಾರರು ಹಿಂದಿನಿಂದ ತಳ್ಳಿದರು. ಓಣಿಯ ತುದಿಯವರೆಗೆ, ಅಷ್ಟೇ. ನಗೆಯೋ ನಗೆ. ಎಲ್ಲರೂ ಮುಂದೆ ನೋಡುತ್ತಿದ್ದರು, ಕಾಕು ಮಾತ್ರ ಕತ್ತು ಬಗ್ಗಿಸಿ ಕಾಲ ಕೆಳಗಿನ ಕೆಂಪನ್ನೇ ನೋಡುತ್ತಿದ್ದರು. "ನನ್ನ ಸೀರಿದ ಬಣ್ಣ ಐತ್ರಿ," ಅಂದದ್ದು ನನಗೂ ಕೇಳಿಸಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಮುಂದಿನ ಬೇಸಿಗೆಯೊಳಗೆ ಕಾಕುಗೆ ಪೂರ್ತಿ ಕತ್ತಲಾಯಿತು. ಆಮೇಲೆ ಕಾಕಾ ಬಾಡಿಯ ತಗಡು ಮುಟ್ಟಲೇ ಇಲ್ಲ. ಕಾಕು ತೀರಿಕೊಂಡ ಮೇಲೂ ಚಾಸಿ ಹಾಗೇ ಅಂಗಳದಲ್ಲಿತ್ತು, ದಿನಾ ಅರಿವೆಯಿಂದ ಒರೆಸುತ್ತಿದ್ದರು. "ಕಾಕಾರ, ಈಗರ ಬಾಡಿ ಕೂಡಿಸ್ರಿ, ನಿಮಗೂ ಹೊತ್ತು ಹೋಗ್ತೈತಿ," ಅಂದೆ ಒಮ್ಮೆ.

"ಆಕಿ ಕಡೀಕ ನೋಡಿದ ಬಣ್ಣ ಇದ, ಅಕ್ಕೋರ," ಅಂದರು. "ಇದರ ಮ್ಯಾಲೆ ತಗಡ ಹ್ಯಾಂಗ ಮುಚ್ಚಲಿ?"

ನನಗೆ ಬಾಗಲಕೋಟೆಗೆ ವರ್ಗವಾಯಿತು. ಕಾಕಾ ಹೋದ ಸುದ್ದಿಯೂ ತಡವಾಗಿ ತಿಳಿಯಿತು. ಮನೆ ಕೊಂಡವರು ಚಾಸಿಯನ್ನು ಗುಜರಿಗೆ ಹಾಕಿದರಂತೆ... ಇಲಕಲ್ಲಿನವರು ಯಾರಾದರೂ ಸಿಕ್ಕರೆ ಇಂದಿಗೂ ನಗುತ್ತಾರೆ, ಪಾಪ, ಡಿಪೋ ಕಾಕಾಗೆ ಆ ಕಾರು ಮುಗಿಸಲಿಕ್ಕೆ ಆಗಲೇ ಇಲ್ಲ ಎಂದು. ನಾನು ವಾದಕ್ಕೆ ಹೋಗುವುದಿಲ್ಲ. ಅದು ಮುಗಿದ ದಿನ ನಾನು ಅಲ್ಲೇ ಇದ್ದೆ.