ಪೊನ್ನಪ್ಪನ ಪಿಸ್ತೂಲಿಗೆ ಬೆಲೆ ಕಟ್ಟಿದ್ದು

ಪಿಸ್ತೂಲಿನ ಬಗ್ಗೆ ನನಗೆ ಗೊತ್ತಿರುವುದು ಒಂದೇ: ಅದರ ಮುಂದೆ ನಿಲ್ಲಬಾರದು. ಅಂಥವನನ್ನು ಹಿಡಿದು ‘ಈ ಸೆಕೆಂಡ್ ಹ್ಯಾಂಡ್ ಪಿಸ್ತೂಲಿಗೆ ನ್ಯಾಯವಾದ ಬೆಲೆ ಹೇಳಿ’ ಅಂದರೆ?

ಅಂದವರು ಇಬ್ಬರು. ಮಾರುವವನು ಪೊನ್ನಪ್ಪ, ಕೊಡಗಿನವನು. ಕೊಳ್ಳುವವನು ಸತೀಶ, ಮೈಸೂರಿನವನು. ಸ್ಟೂಡೆಂಟ್ ವೀಸಾದಲ್ಲಿ ಸಿಡ್ನಿಗೆ ಬಂದು ಕ್ವೇಕರ್ಸ್ ಹಿಲ್‌ನ ಒಂದೇ ರೂಮಿನಲ್ಲಿ ವರ್ಷಗಟ್ಟಲೆ ಅನ್ನ-ಸಾರು ಹಂಚಿಕೊಂಡವರು. ಕಾಯಂ ನೆಲೆಸಲು ಪಿಆರ್ ಬಂದಮೇಲೆ ಒಂದೇ ಶೂಟಿಂಗ್ ಕ್ಲಬ್ ಸೇರಿದರು. (ಗಾಬರಿಯಾಗಬೇಡಿ. ಕಾಗದದ ಗುರಿಗೆ ಹೊಡೆಯುವ ಆಟ. ಲೈಸೆನ್ಸು, ಪರ್ಮಿಟ್ಟು ಎಲ್ಲ ಇದೆ.) ಈಗ ಪೊನ್ನಪ್ಪನಿಗೆ ಮೆಲ್ಬರ್ನ್‌ನಲ್ಲಿ ಕೆಲಸ, ಕ್ರಾನ್‌ಬರ್ನ್‌ನಲ್ಲಿ ಮನೆ, ಮನೆಯಲ್ಲಿ ಹೊಸ ಮಗು. ‘ಮಗು ಇರೋ ಕಡೆ ಅದು ಬೇಡ’ ಎಂದು ಹೆಂಡತಿ ಹೇಳಿಬಿಟ್ಟಿದ್ದಾಳೆ. ಹಾಗಾಗಿ ಪಿಸ್ತೂಲು ಸಿಡ್ನಿಯ ಬಂದೂಕು ಡೀಲರನ ಕಪಾಟಿನಲ್ಲೇ ಕೂತಿದೆ.

ಇಬ್ಬರೇ ಮಾತಾಡಿಕೊಂಡು ಮುಗಿಸಬಾರದೇ? ಊಹೂಂ!

‘ಸತೀಶನ ಹತ್ರ ನಾನು ರೇಟ್ ಹೇಳದಾ ಅಂಕಲ್? ನಮ್ಮಲ್ಲಿ ಕೋವಿಗೆ ಹೂ ಇಟ್ಟು ಪೂಜೆ ಮಾಡ್ತೀವಿ, ಮಾರಾಯ್ರೆ. ಅವನೇ ಹೇಳ್ಲಿ’ ಎಂದು ಪೊನ್ನಪ್ಪ ಫೋನಿನಲ್ಲಿ.

‘ನಾನ್ ಹೇಳೋದಾ? ಕಮ್ಮಿ ಹೇಳಿದ್ರೆ ಅವನಿಗೆ ಇನ್ಸಲ್ಟು, ಜಾಸ್ತಿ ಹೇಳಿದ್ರೆ ನನ್ ಮಾರ್ಟ್‌ಗೇಜಿಗೆ ಇನ್ಸಲ್ಟು. ನೀವ್ ಹೇಳಿದ್ದೇ ಫೈನಲ್ ಅಂಕಲ್’ ಎಂದ ಸತೀಶ.

ಸಿಡ್ನಿಯ ನಮ್ಮ ಕನ್ನಡದವರಲ್ಲಿ ಹಿರಿಯನಾದ ತಪ್ಪಿಗೆ ಒಂದು ಶನಿವಾರ ಡೀಲರನ ಅಂಗಡಿಗೆ ಹೋದೆ. ಬಿಳಿ ಗಡ್ಡದ ಮುದುಕ. ಪಿಸ್ತೂಲು ಬಿಚ್ಚಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದ. ಎಲ್ಲ ಚೆನ್ನಾಗಿದೆ, ಹಿಡಿ ಮಾತ್ರ ಕೆಟ್ಟಿದೆ ಅಂದ.

ಕೆಟ್ಟಿದೆಯೇ? ಆ ಮರದ ಹಿಡಿಯನ್ನು ಪೊನ್ನಪ್ಪ ಆರು ತಿಂಗಳು ಉಜ್ಜಿ ಉಜ್ಜಿ ತನ್ನ ಅಂಗೈಗೆ ಕೂರಿಸಿಕೊಂಡಿದ್ದ. ಅದಕ್ಕೇ ಕೆಟ್ಟಿದೆಯಂತೆ! ಇನ್ನೊಬ್ಬರ ಕೈಗೆ ಕೂರುವುದಿಲ್ಲ, ಹೊಸ ಹಿಡಿ ಕೊಳ್ಳಬೇಕು. ಅದನ್ನು ಕಳೆದು ಎಂಟುನೂರು ಡಾಲರ್ ನ್ಯಾಯ ಅಂದ ಮುದುಕ. ಇಬ್ಬರಿಗೂ ಹಾಗೆಯೇ ವರದಿ ಒಪ್ಪಿಸಿದೆ.

‘ಎಂಟ್ನೂರಾ?’ ಪೊನ್ನಪ್ಪನ ದನಿ ಕುಸಿಯಿತು. ‘ಆ ಹಿಡಿಗೆ ರೇಟ್ ಜಾಸ್ತಿ ಆಗ್ಬೇಕಿತ್ತು. ಸತೀಶ ಹೇಳಿಸಿದ್ನಾ?’

‘ಎಂಟ್ನೂರಾ?’ ಸತೀಶನದೂ ಅದೇ ರಾಗ. ‘ಫ್ರೆಂಡಿಗೂ ಅಂಗಡಿ ರೇಟಾ? ಪೊನ್ನ ಏನಾದ್ರೂ ಹೇಳ್ಕೊಟ್ನಾ ನಿಮ್ಗೆ?’

‘ನೆಂಟರಿಗೆ ಹಸು ಮಾರಬೇಡ, ಹಾಲು ಕಮ್ಮಿಯಾದರೂ ಮಾತು, ಜಾಸ್ತಿಯಾದರೂ ಮಾತು’ ಎನ್ನುತ್ತಿದ್ದಳು ನಮ್ಮಜ್ಜಿ. ಪಿಸ್ತೂಲಿನ ವಿಷಯ ಅವಳಿಗೆ ಹೊಳೆದಿರಲಿಕ್ಕಿಲ್ಲ.

ಪೊನ್ನಪ್ಪ ರೋಸಿ, ‘ಫ್ರೀಯಾಗೇ ತಗೊಳ್ಲಿ’ ಅಂದ. ಸತೀಶ, ‘ಬಿಟ್ಟಿ ತಗೊಂಡ್ರೆ ಸಾಯೋವರ್ಗೂ ಹೇಳಿಸ್ಕೋಬೇಕು’ ಅಂದ. ಪೊನ್ನಪ್ಪನ ಮಗುವಿನ ನಾಮಕರಣಕ್ಕೆ ಬುಕ್ ಮಾಡಿದ್ದ ಮೆಲ್ಬರ್ನ್ ಟಿಕೆಟ್ಟನ್ನೂ ಕ್ಯಾನ್ಸಲ್ ಮಾಡುತ್ತೇನೆಂದು ಕೂತ. ಅಂಗೈಯಗಲದ ಕಬ್ಬಿಣಕ್ಕೆ ಹತ್ತು ವರ್ಷದ ಸ್ನೇಹ ಹೋಗುವುದೇ?

‘ಇಬ್ಬರೂ ಬಾಯಿ ಮುಚ್ಚಿ’ ಎಂದು ಗದರಿ, ವ್ಯಾಪಾರವನ್ನು ಡೀಲರನಿಗೇ ಬಿಟ್ಟೆ. ಅವನೇ ಕೊಳ್ಳಲಿ, ಅವನೇ ಮಾರಲಿ.

ಮುದುಕ ಪೊನ್ನಪ್ಪನಿಗೆ ಐನೂರು ಕೊಟ್ಟ. ಪೊನ್ನಪ್ಪ ‘ಥ್ಯಾಂಕ್ಸ್ ಮೇಟ್’ ಅಂದ. ಮರುವಾರ ಮುದುಕ ಅದೇ ಪಿಸ್ತೂಲಿಗೆ ಸತೀಶನಿಂದ ಒಂಬೈನೂರ ಐವತ್ತು ವಸೂಲಿ ಮಾಡಿದ. (ಹೊಸ ಹಿಡಿಯ ದುಡ್ಡು ಬೇರೆ.) ಸತೀಶನೂ ‘ಥ್ಯಾಂಕ್ಸ್ ಮೇಟ್’ ಅಂದ. ಒಬ್ಬನಾದರೂ ಐದು ಡಾಲರ್ ಚೌಕಾಸಿ ಮಾಡಿದನೇ? ಇಲ್ಲ.

ನಾಮಕರಣಕ್ಕೆ ಎಲ್ಲರೂ ಹೋದೆವು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ನನಗೆ ಪಾಯಸ ಬಡಿಸುತ್ತ ಪೊನ್ನಪ್ಪ, ‘ಅಂಕಲ್‌ಗೆ ವ್ಯವಹಾರ ಗೊತ್ತಾಗಲ್ಲ ಕಣೋ’ ಅಂದ. ಸತೀಶ ನಗುತ್ತ ತಲೆಯಾಡಿಸಿದ.

ಗುರುತಿಲ್ಲದವನ ಜೇಬಿಗೆ ನಾನೂರ ಐವತ್ತು ಹೋದರೂ ಪರವಾಗಿಲ್ಲ, ಗೆಳೆಯನ ಜೇಬಿಗೆ ಮಾತ್ರ ಐವತ್ತು ಹೆಚ್ಚಿಗೆ ಹೋಗಬಾರದು. ಇದಕ್ಕೆ ನಮ್ಮಲ್ಲಿ ಸ್ನೇಹ ಅನ್ನುತ್ತಾರೆಯೇ?