ಅಕ್ಕನ ನಾಲ್ಕನೇ ಕ್ಯಾಸೆಟ್

ಅಕ್ಕನ ಮನೆಯಲ್ಲಿ ನಾನು ಕೊನೆಯ ಸಲ ಊಟ ಮಾಡಿದ ಶನಿವಾರ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಡಲ್ಲಾಸ್ ಪಕ್ಕದ ಪ್ಲೇನೋದ ನನ್ನ ಮನೆಯಿಂದ ಬೆಳಿಗ್ಗೆ ಬೇಗ ಹೊರಟು ಹನ್ನೆರಡಕ್ಕೆ ಮೊದಲೇ ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್ ಮುಟ್ಟಿದ್ದೆ. ದಾರಿಯಲ್ಲಿ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಿಂದ ಬದನೆಕಾಯಿ ತಂದಿದ್ದೆ. ಅವು ಬಲಿತಿವೆ ಎಂದು ಬೈಸಿಕೊಂಡೆ. ಭಾವ ಆಸ್ಪತ್ರೆಯಿಂದ ಇನ್ನೂ ಬಂದಿರಲಿಲ್ಲ. ನನ್ನ ಕಿಸೆಯಲ್ಲಿ ಒಂದು ಕೇಬಲ್ ಇತ್ತು.

ಮೊಳದುದ್ದದ ಕರಿಯ ವೈರು, ಎರಡೂ ತುದಿಗೆ ಒಂದೇ ಥರದ ಪಿನ್ನು. ಒಂದು ತುದಿಯನ್ನು ಕಂಪ್ಯೂಟರಿಗೂ ಇನ್ನೊಂದನ್ನು ಟೇಪ್ ರೆಕಾರ್ಡರಿಗೂ ಸಿಕ್ಕಿಸಿದರೆ ಆಯಿತು, ಕಂಪ್ಯೂಟರಿನಲ್ಲಿ ಬರುವ ಇಂಗ್ಲೆಂಡಿನ ರೇಡಿಯೋ ನೇರವಾಗಿ ಕ್ಯಾಸೆಟ್ಟಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಅಕ್ಕ ಮಾಡುತ್ತಿದ್ದ ಕ್ರಮವೇ ಬೇರೆ. ಸ್ಪೀಕರಿನ ಮುಂದೆ ಒಂದು ಟವೆಲ್ ಮಡಿಸಿ ಹಾಸಿ, ಅದರ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಗುಂಡಿ ಒತ್ತಿ ಪಕ್ಕದಲ್ಲಿ ಕುಳಿತುಬಿಡುವುದು. ಹಾಗಾಗಿ ಅವಳು ನನಗೆ ಕಳಿಸುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಹಾಸ್ಯ ಕಾರ್ಯಕ್ರಮದ ಜೊತೆಗೆ ಅವಳ ಮನೆಯೂ ಇರುತ್ತಿತ್ತು. ಅಲ್ಲಿಯ ಸಂಜೆ ಆರೂವರೆ ಇಲ್ಲಿಯ ಮಧ್ಯಾಹ್ನ ಹನ್ನೆರಡೂವರೆ. ಅಕ್ಕನ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತು ಅದೇ.

ಆ ಶನಿವಾರ ನಾನು ಕೇಬಲ್ ಸಿಕ್ಕಿಸಿದೆ. ಸ್ಪೀಕರ್ ಸುಮ್ಮನಾಯಿತು.

"ತಮ್ಮಾ, ನನಗ ಏನೂ ಕೇಳಸವಲ್ದಲ್ಲೋ."

"ಕೇಬಲ್ ಹಾಕಿದ ಮ್ಯಾಲೆ ಸ್ಪೀಕರ್ ಬಂದ್ ಆಗ್ತದ ಅಕ್ಕಾ. ಅಲ್ಲಿ ನೋಡು, ಚಕ್ರ ತಿರಗಾಕತ್ತಾವ. ಆಮ್ಯಾಲೆ ಟೇಪ್ ಹಾಕ್ಕೊಂಡು ಕೇಳು."

"ಅಲ್ಲಿ ಮಂದಿ ಈಗ ನಗಾಕತ್ತಾರ. ನಾ ಆಮ್ಯಾಲೆ ನಗಬೇಕೇನು?"

"ನಗು ಎಲ್ಲಿ ಓಡಿ ಹೋಗ್ತದ?"

ಅಕ್ಕ ಸೊಂಟದ ಮೇಲೆ ಕೈಯಿಟ್ಟು ತಿರುಗುವ ಚಕ್ರಗಳನ್ನೇ ಅರ್ಧ ತಾಸು ನೋಡಿದಳು. "ಕಡೀಕೂ ನನ್ನ ರೇಡಿಯೋನ ಟೀವಿ ಮಾಡಿಬಿಟ್ಟಿ," ಅಂದಳು. ಆಮೇಲೆ ಬದನೆಕಾಯಿ ಹೆಚ್ಚುತ್ತಾ, ತಲೆ ಎತ್ತದೆ ಕೇಳಿದಳು: "ಮೊನ್ನೆ ಕಳಿಸಿದ ನಾಲ್ಕನೇದ್ರಾಗ ಗದ್ದಲ ಇರಲಿಲ್ಲಲ್ಲಾ?"

"ಇರಲಿಲ್ಲ. ಕುಕ್ಕರ್ ಒಂದ ಇತ್ತು."

"ಹೂಂ. ಕುಕ್ಕರ್," ಅಂದಳು. ಒಂದು ಕ್ಷಣ ನನ್ನನ್ನು ನೋಡಿ ಮತ್ತೆ ಹೆಚ್ಚತೊಡಗಿದಳು.

ನಾನು ನಾಲ್ಕನೇ ಕ್ಯಾಸೆಟ್ ಕೇಳಿರಲಿಲ್ಲ. ಅದು ಎಲ್ಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಅಕ್ಕನ ಕ್ಯಾಸೆಟ್ಟೆಂದ ಮೇಲೆ ಕುಕ್ಕರ್ ಇದ್ದೇ ಇರುತ್ತದೆ ಎಂಬ ಧೈರ್ಯದ ಮೇಲೆ ಹೇಳಿದ ಸುಳ್ಳು ಅದು.

ಅಕ್ಕನಿಗೆ ಈ ರೇಡಿಯೋ ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. ಹೂಸ್ಟನ್ನಿಗೆ ಬರುವ ಮೊದಲು ಭಾವ ಅಲ್ಲಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದರು. ಧಾರವಾಡದಲ್ಲಿ ಕನ್ನಡ ಶಾಲೆಗೆ ಹೋದವರು ನಾವಿಬ್ಬರೂ. ಅಕ್ಕ ಇಂಗ್ಲಿಷನ್ನು ಓದಿ ಪಾಸಾಗಿದ್ದಳೇ ಹೊರತು ಆಡಿದವಳಲ್ಲ. ಬಾಡಿಗೆಯ ಮನೆಯಲ್ಲಿ ಟೀವಿ ಇರಲಿಲ್ಲ, ಅಡುಗೆಮನೆಯ ಕಿಟಕಿಯಲ್ಲಿ ಹಳೆಯ ಬಾಡಿಗೆದಾರರು ಬಿಟ್ಟುಹೋದ ಒಂದು ರೇಡಿಯೋ ಇತ್ತು. ಭಾವ ಬರುವ ತನಕ ಅದೇ ಅವಳ ಸಂಗಾತಿ. ಮೊದಮೊದಲು ಒಂದು ಶಬ್ದವೂ ತಿಳಿಯುತ್ತಿರಲಿಲ್ಲವಂತೆ. ಆದರೆ ಅಲ್ಲಿ ಕುಳಿತ ನೂರಾರು ಜನ ನಕ್ಕಾಗ ಅವಳಿಗೂ ನಗು ಬರುತ್ತಿತ್ತು. "ನಾ ಮೊದಲ ನಗೋದು ಕಲ್ತೆ. ಆರು ತಿಂಗಳ ಮ್ಯಾಲೆ ಯಾಕ ನಕ್ಕೆ ಅನ್ನೋದು ಕಲ್ತೆ," ಎನ್ನುತ್ತಿದ್ದಳು. ಹೂಸ್ಟನ್ನಿಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಆ ಕಾರ್ಯಕ್ರಮಗಳು ಸಿಗುತ್ತವೆಂದು ತಿಳಿದ ದಿನ ಅಕ್ಕ ನನಗೆ ಫೋನ್ ಮಾಡಿದ್ದು, ಕಳೆದುಹೋದ ಗೆಳತಿ ಸಿಕ್ಕಿದಳು ಎನ್ನುವ ದನಿಯಲ್ಲಿ. ಆಗಿನ ಇಂಟರ್ನೆಟ್ಟು ಸರಿಯಾಗಿ ನಗು ಬರುವ ಜಾಗದಲ್ಲೇ ನಿಂತುಬಿಡುತ್ತಿತ್ತು. ಅಕ್ಕ ಒಗ್ಗರಣೆ ಸೌಟು ಹಿಡಿದುಕೊಂಡು, ಇನ್ನೇನು ಬರುತ್ತದೆ ಎಂದು ಅರ್ಧ ನಿಮಿಷ ಬಾಯಿ ತೆರೆದು ಕಾಯುವಳು.

ನನ್ನ ರುಚಿ ಬೇರೆ. ಶನಿವಾರ ಡಲ್ಲಾಸಿನ ಸಾರ್ವಜನಿಕ ಚಾನೆಲ್ಲಿನಲ್ಲಿ ಬ್ರಿಟಿಷ್ ಹಾಸ್ಯ ಬರುತ್ತಿತ್ತು. ಅದರಲ್ಲಿ ಹೊಸ ಬಗೆಯದು ನನಗೆ ಇಷ್ಟ: ಹಿಂದಿನಿಂದ ಯಾರೂ ನಗುವುದಿಲ್ಲ, ಜನ ಮಾತು ತಡವರಿಸಿ ನಿಂತುಬಿಡುತ್ತಾರೆ, ನಗಬೇಕೋ ಬೇಡವೋ ನಮಗೇ ಬಿಟ್ಟದ್ದು. ಒಂದರಲ್ಲಿ ಗಿರಾಕಿಗಳೇ ಬಾರದ ರತ್ನಗಂಬಳಿ ಅಂಗಡಿಯೊಂದರ ನೌಕರ ತನ್ನ ಹುಟ್ಟುಹಬ್ಬಕ್ಕೆ ತಾನೇ ಕೇಕ್ ತರುತ್ತಾನೆ. ಯಾರೂ ವಿಚಾರಿಸುವುದಿಲ್ಲ. ಸ್ಟಾಕ್ ರೂಮಿನಲ್ಲಿ ನಿಂತು ಒಬ್ಬನೇ ತಿನ್ನುತ್ತಾನೆ. ನಾನು ಸೋಫಾದಿಂದ ಜಾರುವಷ್ಟು ನಕ್ಕಿದ್ದೆ. ಅದನ್ನು ವೀಡಿಯೋ ಟೇಪಿಗೆ ಇಳಿಸಿ ಅಕ್ಕನಿಗೆ ಕಳಿಸಿದರೆ ಮರುದಿನವೇ ಫೋನು ಬಂತು.

"ಪಾಪ ಅವಂಗ ಯಾರರ ಹ್ಯಾಪಿ ಬರ್ತ್‌ಡೇ ಅನಬಾರದೇನೋ? ಇದಕ್ಕ ನಗ್ತಿ ನೀ? ಕಲ್ಲೆದಿ ನಿಂದು."

"ಅಕ್ಕಾ, ಅದ ತಮಾಷೆ."

"ತಮಾಷೆ ಅಂತ ಹೇಳಾಕ ಒಬ್ಬರರ ನಗಬೇಕಲ್ಲ. ನಾಕು ಮಂದಿ ಕೂಡಿ ನಗಲಿಲ್ಲಂದ್ರ ಅದು ಬರೇ ದುಃಖ."

ಇದು ನಮ್ಮ ವಾದ. ವರ್ಷಗಟ್ಟಲೆ ಇದೇ ವಾದ. ಅವಳ ಕಡೆಯಿಂದ ಕ್ಯಾಸೆಟ್ಟು, ನನ್ನ ಕಡೆಯಿಂದ ವೀಡಿಯೋ ಟೇಪು, ದಪ್ಪ ಲಕೋಟೆಯಲ್ಲಿ ಹೋಗಿ ಬರುತ್ತಿದ್ದವು. ಅವಳ ಲಕೋಟೆಯಲ್ಲಿ ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿಯೂ ಇರುತ್ತಿತ್ತು, ಅದು ಸೋರುತ್ತಿತ್ತು ಕೂಡ. ಕ್ಯಾಸೆಟ್ಟುಗಳು ಒಟ್ಟು ಆರು. ಕನ್ನಡ ಅಂಕಿಯಲ್ಲಿ ಒಂದರಿಂದ ಆರರವರೆಗೆ ಬರೆದಿದ್ದಳು. ಕೇಳಿ ವಾಪಸು ಕಳಿಸಿದರೆ ಅದರ ಮೇಲೇ ಹೊಸದನ್ನು ರೆಕಾರ್ಡ್ ಮಾಡುವಳು. ನಾನು ಅವನ್ನು ಕಾರಿನಲ್ಲಿ, ಆಫೀಸಿನ ದಾರಿಯಲ್ಲಿ ಕೇಳುತ್ತಿದ್ದೆ.

ಒಮ್ಮೆ ಈ ವಾದ ಆಸ್ಟಿನ್ನಿನ ಕನ್ನಡ ಸಂಘದ ದೀಪಾವಳಿಯ ತನಕ ಹೋಯಿತು. ಅಕ್ಕ ರೇಡಿಯೋ ಪದ್ಧತಿಯಲ್ಲೇ ಒಂದು ಕನ್ನಡ ಪ್ರಹಸನ ಮಾಡಿಸುತ್ತೇನೆಂದು ಹಟ ಹಿಡಿದಳು. ಶಾಲೆಯೊಂದರ ಸಭಾಂಗಣ. ಪರದೆ ಮುಚ್ಚಿಯೇ ಇರುತ್ತದೆ, ಹಿಂದೆ ಐದು ಜನ ಮೈಕಿನ ಮುಂದೆ ಓದುತ್ತಾರೆ, ನಾನು ಸದ್ದು ಮಾಡುವವನು. ಕುಕ್ಕರಿನ ಮುಚ್ಚಳ, ಎರಡು ತೆಂಗಿನ ಚಿಪ್ಪು, ಒಂದು ಹಳೆಯ ಚಪ್ಪಲಿ. ನಾಟಕ ಶುರುವಾಗಿ ಐದು ನಿಮಿಷವಾದರೂ ಸಭೆಯಲ್ಲಿ ಒಂದು ನಗುವಿಲ್ಲ. ಪರದೆ ಯಾವಾಗ ಸರಿಯುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. "ಪರದೆ ಸಿಕ್ಕಾಕ್ಕೊಂಡಿದೆ ಅನ್ಸುತ್ತೆ, ಪಾಪ," ಎಂದು ಮುಂದಿನ ಸಾಲಿನ ಯಾರೋ ಆಂಟಿ ಅಂದದ್ದು ನನಗೇ ಕೇಳಿಸಿತು. ಸ್ವಯಂಸೇವಕರೊಬ್ಬರು ಉಪಕಾರ ಮಾಡುವ ಮನಸ್ಸಿನಿಂದ ಬಂದು ಹಗ್ಗ ಎಳೆದೇಬಿಟ್ಟರು. ಬೆಳಕಿನಲ್ಲಿ ನಾನು, ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಚಪ್ಪಲಿ. ಸಭಾಂಗಣವೇ ಹಾರಿಹೋಗುವಂತೆ ನಕ್ಕರು.

ವಾಪಸು ಹೋಗುವಾಗ ನಾನು ಹೇಳಿದೆ, "ನೋಡು, ಕಣ್ಣಿಗೆ ಕಂಡಾಗ ನಕ್ಕರು. ನಾ ಗೆದ್ದೆ."

"ಅವರು ನಕ್ಕದ್ದು ನಿನ್ನ ಮಾರಿ ನೋಡಿ," ಅಂದಳು ಅಕ್ಕ. "ಅದು ಕಾಮಿಡಿ ಅಲ್ಲ, ಕರ್ಮ." ಹಾಗೆಂದು ತಾನೇ ನಕ್ಕಳು.

ಆ ನಗುವನ್ನು ಹೇಗೆ ವರ್ಣಿಸಲಿ? ಮೊದಲು ಸದ್ದೇ ಇರುತ್ತಿರಲಿಲ್ಲ, ಉಸಿರು ಒಳಗೆ ಹೋಗುತ್ತಿತ್ತು ಅಷ್ಟೆ. ಇವಳಿಗೆ ಏನಾಯಿತು ಎಂದು ಪಕ್ಕದವರು ತಿರುಗಿ ನೋಡುವಷ್ಟರಲ್ಲಿ ಹಂಚಿನ ಮೇಲೆ ಜೋಳದ ಕಾಳು ಸಿಡಿದ ಹಾಗೆ ಒಮ್ಮೆಲೇ ಶುರುವಾಗುತ್ತಿತ್ತು. ಅವಳ ಕ್ಯಾಸೆಟ್ಟುಗಳಲ್ಲಿ ಆ ನಗು ಸರಿಯಾಗಿ ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಒಂದು ನಗೆಮಾತು ಕೇಳಿದರೆ ಮುಂದಿನ ಎರಡು ಹೋದವು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ಆ ಅಭ್ಯಾಸಬಲದಿಂದ ಒಂದು ದಿನ ಫೋನಿನಲ್ಲಿ ಹೇಳಿಬಿಟ್ಟೆ: "ಅಕ್ಕಾ, ಬರೇ ನಿನ್ನ ನಗೂನ ಕೇಳ್ತದ. ಕಾರ್ಯಕ್ರಮ ಕೇಳ್ಸೂದ ಇಲ್ಲ."

"ಹೌದೇನು? ತಡಿ, ಮುಂದಿನ ಸಲ ಬಾಯಿ ಹೊಲಕೊಂಡು ಕುಂದರ್ತೀನಿ," ಅಂದಿದ್ದಳು. ಹಾಗೆ ಹೇಳಿ ಕಳಿಸಿದ್ದೇ ನಾಲ್ಕನೇ ಕ್ಯಾಸೆಟ್. ಕೇಳುವ ಮೊದಲೇ ಅದು ನನ್ನಿಂದ ಎಲ್ಲೋ ಕಳೆಯಿತು. "ಮೇಘಾ ಎಲ್ಲೋ ಇಟ್ಟಾಳ," ಎಂದು ಮನೆಯಲ್ಲಿ ಆಗ ಏಳು ವರ್ಷದ ಮಗಳ ಮೇಲೆ ಹಾಕಿದೆ. ಕೇಳಲಿಲ್ಲ ಎಂದು ಅಕ್ಕನಿಗೆ ಹೇಳಲು ಸಂಕೋಚವಾಯಿತು. ಅದರ ಬದಲು ಕೇಬಲ್ ಕೊಂಡೆ.

ಕೇಬಲ್ ಬಂದ ಮೇಲೆ ಅಕ್ಕ ಮೂರು ತಿಂಗಳಲ್ಲಿ ಉಳಿದ ಐದೂ ಕ್ಯಾಸೆಟ್ಟುಗಳ ಮೇಲೆ ಹೊಸದಾಗಿ ರೆಕಾರ್ಡ್ ಮಾಡಿ ಕಳಿಸಿದಳು. ಒಂದು ಚೂರು ಗದ್ದಲವಿಲ್ಲ. ನಾನು ಫೋನ್ ಮಾಡಿ ಹೊಗಳಿದೆ. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಆಫೀಸಿಗೆ ಭಾವನ ಫೋನು ಬಂತು. ವೈದ್ಯರಾದ ಅವರು ಎಂದೂ ತಡವರಿಸಿದವರಲ್ಲ. ಅಂದು, "ನೀವು ಬರ್ರಿ... ಸ್ವಲ್ಪ ಬರ್ರಿ," ಎಂದಷ್ಟೇ ಅಂದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ನಾನು ಹೂಸ್ಟನ್ ಮುಟ್ಟುವ ಮೊದಲೇ ಅಕ್ಕ ಹೋಗಿದ್ದಳು.

ಕರ್ಮಗಳು ಮುಗಿದು ಪ್ಲೇನೋಗೆ ಮರಳುವಾಗ ಕಾರಿನಲ್ಲಿ ಆ ಐದು ಕ್ಯಾಸೆಟ್ಟುಗಳನ್ನೂ ಒಂದಾದ ಮೇಲೊಂದು ಹಾಕಿದೆ. ಯಾವುದೋ ಸಭಾಂಗಣದ ನೂರಾರು ಅಪರಿಚಿತರು ನಕ್ಕರು, ಬಹಳ ಸ್ಪಷ್ಟವಾಗಿ. ನನಗೆ ಬೇಕಾಗಿದ್ದು ಒಂದೇ, ಅಕ್ಕನ ನಗು ಇನ್ನೊಂದು ಸಲ. ಅದನ್ನು ನಾನೇ ಒಂದು ಮೊಳ ವೈರು ಕೊಟ್ಟು ಅಳಿಸಿ ಹಾಕಿದ್ದೆ. ಅದಾದ ಮೇಲೆ ಎಂಟು ವರ್ಷ ನಾನು ರೇಡಿಯೋ ಹಾಸ್ಯ ಕೇಳಲಿಲ್ಲ. ಹಿಂದಿನಿಂದ ಯಾರೂ ನಗದ ನನ್ನ ಟೀವಿಯ ಹಾಸ್ಯವನ್ನೂ ನೋಡಲಾಗಲಿಲ್ಲ. ಅಕ್ಕ ಹೇಳಿದ ಹಾಗೆ, ಅದು ಬರೇ ದುಃಖವಾಗಿ ಕಾಣತೊಡಗಿತ್ತು.

ಹೋದ ತಿಂಗಳು ಆ ಹಳೆಯ ಕಾರನ್ನು ಮೇಘಾಳ ಡ್ರೈವಿಂಗ್ ಅಭ್ಯಾಸಕ್ಕೆ ಕೊಡಲೆಂದು ಒಂದು ಭಾನುವಾರ ಮಧ್ಯಾಹ್ನ ತೊಳೆಯುತ್ತಿದ್ದೆವು. ಪಕ್ಕದ ಸೀಟು ಹಿಂದಕ್ಕೆ ಸರಿಯಲೊಲ್ಲದು. ಮೇಘಾ ಕೈಹಾಕಿ ಎಳೆದಾಗ ಹಳಿಯ ಸಂದಿಯಿಂದ ಒಂದು ಲಕೋಟೆ ಬಂತು. ತೆರೆದರೆ ಕಮಟು ಹಿಡಿದ ಶೇಂಗಾದ ವಾಸನೆ. ಒಳಗೆ ಕ್ಯಾಸೆಟ್ಟು, ಅದರ ಮೇಲೆ ಅಕ್ಕನ ಕೈಬರಹದ ನಾಲ್ಕು.

ಕಾರಿನ ಪ್ಲೇಯರ್ ಇನ್ನೂ ನಡೆಯುತ್ತಿತ್ತು. ನನ್ನ ಕೈ ಒದ್ದೆಯಾಗಿತ್ತು, ಮೇಘಾಳೇ ಹಾಕಿದಳು. ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ಮೈಕಿಗೆ ತೀರ ಹತ್ತಿರದಿಂದ:

"ತಮ್ಮಾ, ಇವತ್ತ ಕುಕ್ಕರ್ ಇಟ್ಟಿಲ್ಲ. ನಾನೂ ಸುಮ್ನ ಕುಂದರ್ತೀನಿ. ಛಂದಾಗಿ ಕೇಳು."

"ಈಸ್ ದಟ್ ಅತ್ತೆ?" ಅಂದಳು ಮೇಘಾ. ನಾನು ತಲೆಯಾಡಿಸಿದೆ. ಹೂಂ, ಕುಕ್ಕರ್, ಎಂದು ಆ ಶನಿವಾರ ಅಕ್ಕ ನನ್ನನ್ನು ನೋಡಿದ ನೋಟ ಈಗ ಅರ್ಥವಾಯಿತು. ನಾನು ಕೇಳಿಲ್ಲವೆಂದು ಅಂದೇ ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ನನಗೆ ಬದನೆಕಾಯಿ ಎಣಗಾಯಿ ಮಾಡಿ ಬಡಿಸಿದ್ದಳು.

ಕಾರ್ಯಕ್ರಮ ಶುರುವಾಯಿತು. ಒಂದು ಹಳ್ಳಿಯ ಗ್ರಂಥಾಲಯದ ಸಮಿತಿ ಸಭೆ. ದಿನಾ ಬಂದು ಬಾಗಿಲಲ್ಲಿ ನಿಲ್ಲುವ ಕುರಿಯೊಂದಕ್ಕೆ ಸದಸ್ಯತ್ವ ಕೊಡಬೇಕೇ ಬೇಡವೇ ಎಂಬುದೇ ಚರ್ಚೆ. ಅಧ್ಯಕ್ಷರು ನಿಯಮಾವಳಿ ಓದುತ್ತಾರೆ, ಪ್ರತಿ ನಿಯಮಕ್ಕೂ ಕುರಿ ಒಂದು ಸಲ ಅರಚುತ್ತದೆ. ಅರ್ಧ ದಾಟಿದ ಮೇಲೆ ಕುರಿ ಯಾವುದೋ ನಿಯಮಕ್ಕೆ ಅರಚದೆ ಸುಮ್ಮನಾಯಿತು. ಅಧ್ಯಕ್ಷರು, "ಸದಸ್ಯರ ಆಕ್ಷೇಪವನ್ನು ಗಮನಿಸಲಾಗಿದೆ," ಎಂದರು. ಅಲ್ಲಿ ಕ್ಯಾಸೆಟ್ಟಿನೊಳಗೆ, ಅಕ್ಕನ ಕಡೆಯಿಂದ ಒಂದು ಉಸಿರು ಒಳಕ್ಕೆ ಹೋಯಿತು. ಕುರ್ಚಿ ಸರಿಯಿತು. ಅವಸರದ ನಾಲ್ಕು ಹೆಜ್ಜೆ. ಬಾಗಿಲು ಮುಚ್ಚಿಕೊಂಡಿತು.

ಮೇಘಾ ಗುಂಡಿ ಒತ್ತಿ ನಿಲ್ಲಿಸಿದಳು. "ವೇಟ್, ಅಪ್ಪಾ. ಶೀ ಲೆಫ್ಟ್ ದ ರೂಮ್ ಟು ಲಾಫ್?"

"ಹೌದು. ನಾ ಬೈದಿದ್ದೆ, ಅದಕ್ಕ."

ಮೇಘಾ ಒಂದು ಕ್ಷಣ ನನ್ನ ಮುಖ ನೋಡಿ, ತಡೆಯಲಾರದೆ ನಗತೊಡಗಿದಳು. ನನಗೂ ನಗು ಬಂತು, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಕ್ಕೆ. ರಸ್ತೆಯಾಚೆಯ ಮನೆಯವರು ಕೈಬೀಸಿದರು. ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಕೇಳಿದೆವು, ಕುರಿ, ಅಧ್ಯಕ್ಷರು, ಉಸಿರು, ಬಾಗಿಲು. ಎರಡು ನಿಮಿಷದ ಮೇಲೆ ಬಾಗಿಲು ಮತ್ತೆ ತೆರೆಯುತ್ತದೆ, ಅಕ್ಕ ಬಂದು ಕೂರುತ್ತಾಳೆ, ಸೊರ್ ಎಂದು ಮೂಗು ಏರಿಸುತ್ತಾಳೆ.

ಈಗ ಪ್ರತಿ ಭಾನುವಾರ ಮಧ್ಯಾಹ್ನ ಮೇಘಾ ಕಂಪ್ಯೂಟರಿನಲ್ಲಿ ಆ ರೇಡಿಯೋ ಹಾಕುತ್ತಾಳೆ. ಅವಳ ರುಚಿ ಅತ್ತೆಯದೇ. ನನ್ನ ರತ್ನಗಂಬಳಿ ಅಂಗಡಿ ತೋರಿಸಿದರೆ, "ದಟ್ಸ್ ಜಸ್ಟ್ ಸ್ಯಾಡ್," ಎಂದು ಎದ್ದು ಹೋದಳು. ಹೆಡ್‌ಫೋನ್ ಬೇಡ ಎಂದಿದ್ದೇನೆ. ಸ್ಪೀಕರಿನಲ್ಲೇ ಕೇಳುತ್ತೇವೆ. ಅವಳು ನಕ್ಕಾಗ ನನಗೆ ಮುಂದಿನ ಎರಡು ಮಾತು ತಪ್ಪುತ್ತವೆ, ತಪ್ಪಲಿ ಎಂದು ಬಿಟ್ಟಿದ್ದೇನೆ. ನಾನೂ ಈಗ ಯಾಕೆಂದು ತಿಳಿಯುವ ಮೊದಲೇ ನಗುವುದನ್ನು ಕಲಿಯುತ್ತಿದ್ದೇನೆ.

ನಾಲ್ಕನೇ ಕ್ಯಾಸೆಟ್ಟಿನಲ್ಲಿ ಅಕ್ಕನ ಮಾತಿದೆ, ಉಸಿರಿದೆ, ಹೆಜ್ಜೆಯಿದೆ. ಅವಳ ನಗು ಇಲ್ಲ.