ನಾವಿರುವಾಗಲೇ ಮನೆ ನೋಡಲು ಬಂದವರು

ಮುಂಬಯಿಯ ಕುರ್ಲಾದಲ್ಲಿ ನಾವಿದ್ದ ಬಾಡಿಗೆ ಮನೆಯ ಕರಾರು ಜನವರಿಗೆ ಮುಗಿಯುತ್ತಿತ್ತು. ಮಗಳ ಹತ್ತನೇ ತರಗತಿಯ ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ. ಅಲ್ಲಿಯವರೆಗೆ ಇರಲು ಬಿಡಿ ಎಂದು ಅಂಗಲಾಚಿದರೆ ಮಾಲೀಕರು, ಬೇರೆಯವರು ಸಿಗುವ ತನಕ ಇರಿ, ಸಿಕ್ಕ ಕೂಡಲೇ ಖಾಲಿ ಮಾಡಿ ಎಂದರು. ಡಿಸೆಂಬರಿನ ಪ್ರತಿ ಭಾನುವಾರ ಬ್ರೋಕರ್ ಜನರನ್ನು ಕರೆತರತೊಡಗಿದ. ಓದುತ್ತ ಕೂತ ಮಗಳ ತಲೆಯ ಮೇಲಿಂದಲೇ ಕಪಾಟು ತೆರೆದು ತೋರಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಂದವರನ್ನು ಓಡಿಸುವ ಕೆಲಸ ನಾನೇ ವಹಿಸಿಕೊಂಡೆ. ನೀರು ಬರುವುದು ಮುಕ್ಕಾಲು ಗಂಟೆ ಮಾತ್ರ ಎಂದೆ. ಮುಕ್ಕಾಲು ಗಂಟೆಯೇ, ನಮಗೆ ಇಪ್ಪತ್ತೇ ನಿಮಿಷ ಎಂದು ಅವರು ಕಣ್ಣರಳಿಸಿದರು. ಲೋಕಲ್ ರೈಲಿನ ಸದ್ದಿಗೆ ಪಾತ್ರೆಗಳು ನಡುಗುತ್ತವೆ ಎಂದರೆ, ಸ್ಟೇಷನ್ ಇಷ್ಟು ಹತ್ತಿರವೇ ಎಂದು ಹಿಗ್ಗಿದರು. ಛಾವಣಿ ಸೋರುವುದನ್ನು ತೋರಿಸಿದರೆ, ಒಂದೇ ಮೂಲೆ ತಾನೆ ಎಂದರು. ಮುಂಬಯಿಯವರನ್ನು ಹೆದರಿಸುವುದು ನನ್ನ ಕೈಲಾಗುವ ಕೆಲಸವಲ್ಲ. ಸಾಲದ್ದಕ್ಕೆ ಧಾರವಾಡದ ನಮ್ಮತ್ತೆ ಎಲ್ಲರನ್ನೂ ಕೂಡಿಸಿ ಚಹಾ ಕೊಡುತ್ತಿದ್ದರು.

ಮೂರನೆಯ ಭಾನುವಾರ ವಿಜಯಪುರದ ಕಡೆಯ ಗಂಡ ಹೆಂಡತಿ ಬಂದರು. ಹುಡುಗಿ ಬಸುರಿ. ಅತ್ತೆ ಅವಳನ್ನು ಚಾಪೆಯ ಮೇಲೆ ಕೂಡಿಸಿ, ನಾನು ನಾದಿನಿಗೆಂದು ಎತ್ತಿಟ್ಟಿದ್ದ ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬಿದರು. ಹುಡುಗಿಯ ಕಣ್ಣಲ್ಲಿ ನೀರು. ಕಾಲಿಟ್ಟ ದಿನವೇ ಉಡಿ ತುಂಬಿದ ಮನೆ, ಇನ್ನು ಬೇರೆ ನೋಡುವುದೇ ಇಲ್ಲ ಎಂದಳು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕತೊಡಗಿದೆ. ಹೊರಗೆ ಬಹಳ ಹೊತ್ತು ಮಾತು ನಡೆಯಿತು. ಬಂದು ನೋಡಿದರೆ ಬ್ರೋಕರ್ ಮುಂಗಡವನ್ನು ಜೇಬಿಗಿಳಿಸುತ್ತಿದ್ದ.

ಅವರು ಮೆಟ್ಟಿಲಿಳಿದದ್ದೇ ತಡ, ಅತ್ತೆಯ ಮೇಲೆ ಹರಿಹಾಯ್ದೆ.

"ಇನ್ನ ನಿಮ್ಮ ಮೊಮ್ಮಗಳು ಸ್ಟೇಷನ್ನಿನ್ಯಾಗ ಕುಂತ ಓದ್ಲಿ ಬಿಡ್ರಿ."

ಅತ್ತೆ ನಿಧಾನವಾಗಿ ಕುಂಕುಮದ ಬಟ್ಟಲು ಮುಚ್ಚಿದರು.

"ಆಕಿಗೆ ಏಳು ತಿಂಗಳ. ಚೊಚ್ಚಲ ಹೆರಿಗಿ, ಬರೂ ವಾರ ತವರಮನಿಗೆ ಹೊಂಟಾಳ. ಕೂಸಿಗೆ ಮೂರು ತಿಂಗಳಾಗೂತನಾ ಅವರವ್ವ ಕಳಸಂಗಿಲ್ಲ. ಗಂಡ ಅಲ್ಲೀತನಾ ಗೆಳ್ಯಾರ ಖೋಲ್ಯಾಗ ಇರ್ತಾನಂತ. ಅವರಿಗೆ ಮನಿ ಬೇಕಾಗಿದ್ದು ಮೇ ತಿಂಗಳದಾಗ. ಅಲ್ಲೀತನಾ ನಾವ ಬಾಡಿಗಿ ಕೊಟ್ಟ ಇರ್ತೇವಿ ಅಂದೆ. ಬ್ರೋಕರ್ ಮಾಲಕರಿಗೆ ಫೋನ್ ಹಚ್ಚಿದ, ಅವರೂ ಹೂಂ ಅಂದ್ರು."

ನಾನು ಬೆರಳು ಮಡಚಿ ತಿಂಗಳು ಎಣಿಸಿದೆ.

"ನೀ ಬಂದವರ ಮುಂದ ಮಾರಿ ಗಂಟ ಹಾಕ್ಕೊಂಡ ನಿಂತಿ," ಎಂದರು ಅತ್ತೆ. "ಯಾವಾಗ ಬರಾವ್ರು ಅಂತ ಒಬ್ಬರನ್ನರ ಕೇಳಿದೇನು?"

ಕೇಳಿರಲಿಲ್ಲ.